ಮಾವಯ್ಯನ ರಾಶಿ

ಆಚೆ ದಡದವರು ಅದನ್ನು ಆಶ್ರಮ ಎನ್ನುತ್ತಿದ್ದರು. ಈಚೆ ದಡದವರು ಜೋಯಿಸರ ಮನೆ ಎನ್ನುತ್ತಿದ್ದರು. ಇದ್ದದ್ದು ಎರಡು ಜಗಲಿ, ಒಂದು ಅರಳಿಮರ, ಒಂದು ಹಸು. ಎದುರಿಗೆ ಕಾವೇರಿ.

ಗುರುಗಳ ಹೆಸರು ಅಪ್ರಮೇಯ ಜೋಯಿಸರು. ಅವರಿಗೆ ಮಾತು ಕಡಿಮೆ, ನಿದ್ದೆ ಹೆಚ್ಚು. ಅವರ ಹೆಂಡತಿ ರುಕ್ಕಮ್ಮನವರಿಗೆ ನಿದ್ದೆ ಕಡಿಮೆ, ಮಾತು ಹೆಚ್ಚು. ಇಬ್ಬರ ನಡುವೆ ಶಿಷ್ಯ ನರಹರಿ. ಏಳನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ಬಂದು ಸೇರಿದವನಿಗೆ ಈಗ ಇಪ್ಪತ್ತು ತುಂಬಿತ್ತು.

ಆ ವರ್ಷ ನರಹರಿ ಸಾಲಾವಳಿ ನೋಡುವುದನ್ನು ಕಲಿತ. ಗಂಡು ಹುಟ್ಟಿದಾಗ ಚಂದ್ರ ಯಾವ ರಾಶಿಯಲ್ಲಿದ್ದ, ಹೆಣ್ಣು ಹುಟ್ಟಿದಾಗ ಯಾವ ರಾಶಿಯಲ್ಲಿದ್ದ ಎಂದು ನೋಡಿ, ಇಬ್ಬರಿಗೂ ಮದುವೆ ಹೊಂದುತ್ತದೆಯೇ ಎಂದು ಹೇಳುವ ಲೆಕ್ಕ ಅದು. ಜಾತಕ ಬರೆಸದವರಿಗೆ ಹೆಸರಿನ ಮೊದಲ ಅಕ್ಷರ ಹಿಡಿದು ರಾಶಿ ಹೇಳುವುದೂ ಉಂಟು. ಅದಕ್ಕೆ ಹೆಸರುಬಲ ಎನ್ನುತ್ತಾರೆ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನರಹರಿ ಮನೆಯಲ್ಲಿ ಕಂಡದ್ದಕ್ಕೆಲ್ಲ ಸಾಲಾವಳಿ ನೋಡಿದ.

“ಅಮ್ಮ, ಒನಕೆಗೂ ಒರಳಿಗೂ ಒಂದೇ ರಾಶಿ,” ಎಂದ ಒಂದು ದಿನ. “ಅದಕ್ಕೇ ಇಷ್ಟು ವರ್ಷ ಬಡಿದಾಡ್ಕೊಂಡೂ ಒಟ್ಟಿಗಿವೆ. ಬಾವಿಯ ರಾಟೆಗೂ ಹಗ್ಗಕ್ಕೂ ಮಾತ್ರ ಹೊಂದೋದಿಲ್ಲ. ಅದಕ್ಕೇ ಹಗ್ಗ ಜಾರೋದು.”

“ರಾಟೆಗೆ ಒಂದಿಷ್ಟು ಎಣ್ಣೆ ಬಿಡು, ಹೊಂದುತ್ತೆ,” ಎಂದರು ರುಕ್ಕಮ್ಮನವರು.

ಜಗಲಿಯಲ್ಲಿ ಮಲಗಿದ್ದ ಗುರುಗಳು ಒಂದು ಕಣ್ಣು ತೆರೆದು ಶಿಷ್ಯನನ್ನು ನೋಡಿ ಮತ್ತೆ ಮುಚ್ಚಿಕೊಂಡರು.

ಮುಂದಿನ ಭಾನುವಾರ ಅವರು ಪಕ್ಕದ ಊರಿನ ಗೃಹಪ್ರವೇಶಕ್ಕೆ ಹೊರಟರು. ಬರುವುದು ಗುರುವಾರ.

“ಯಾರಾದ್ರೂ ಬಂದ್ರೆ ಕೂರಿಸಿ ಮಜ್ಜಿಗೆ ಕೊಡು,” ಎಂದರು. “ನಾನು ಬರೋವರೆಗೂ ಪಂಚಾಂಗ ಮುಟ್ಟಬೇಡ.”

“ಏನಾದರೂ ಕೇಳಿದ್ರೆ?”

“ಇನ್ನೊಂದು ಲೋಟ ಮಜ್ಜಿಗೆ ಕೊಡು.”

ಸೋಮವಾರ ಬೆಳಿಗ್ಗೆ ಪುಟ್ಟನಂಜಮ್ಮ ಬಂದಳು. ಹೊಳೆಯ ಪಕ್ಕದ ತುಂಡು ನೆಲದಲ್ಲಿ ಮೆಣಸಿನಗಿಡ ಬೆಳೆಯುವ ಹೆಂಗಸು. ಗಂಡ ಹೋಗಿ ಹತ್ತು ವರ್ಷವಾಗಿತ್ತು. ಇದ್ದೊಬ್ಬ ಮಗ ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ.

ಅವಳ ಕಂಕುಳಲ್ಲಿ ಒಂದು ಕುಕ್ಕೆ ಇತ್ತು.

“ಮೆಣಸಿನಕಾಯಿ ತಂದಿವ್ನಿ, ಚಿಕ್ಕಯ್ನೋರೇ. ಗಿಡದಲ್ಲೇ ಹಣ್ಣಾಗಿ ಕುಂಕುಮದ ಬಣ್ಣಕ್ಕೆ ತಿರುಗಿರೋದು.”

ಕುಂಕುಮದ ಬಣ್ಣ ಎಂಬ ಮಾತನ್ನು ನರಹರಿ ಗಮನಿಸಲಿಲ್ಲ. ಗಮನಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ರುಕ್ಕಮ್ಮನವರು ಬಟ್ಟೆ ಒಗೆಯಲು ಹೊಳೆಗೆ ಇಳಿದಿದ್ದರು. ನರಹರಿ ತಾನೇ ಮಜ್ಜಿಗೆ ತಂದುಕೊಟ್ಟ. ಪುಟ್ಟನಂಜಮ್ಮ ಕುಡಿದಳು.

“ನಮ್ಮ ಹುಡುಗನಿಗೆ ಆಚೆ ದಡದ ಜವರಯ್ಯನ ಮಗಳನ್ನ ಕೇಳಿವ್ನಿ. ಅವರೂ ಒಪ್ಪವ್ರೆ. ಒಂದು ಮಾತು ಹೆಸರುಬಲ ನೋಡಿಸ್ಕೊಂಡು ಬಾ ಅಂದ್ರು.”

ನರಹರಿ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟ. ಅದನ್ನೂ ಕುಡಿದಳು.

“ಜೋಯಿಸ್ರು ಇಲ್ವಾ?”

ನರಹರಿ ಮೂರನೆಯ ಲೋಟ ಕೊಟ್ಟ. ಪುಟ್ಟನಂಜಮ್ಮ ಅರ್ಧ ಕುಡಿದು ಕೆಳಗಿಟ್ಟಳು.

“ಹೊಟ್ಟೆ ತುಂಬೋಯ್ತು ಚಿಕ್ಕಯ್ನೋರೇ. ನಿಮಗೇ ಎಲ್ಲಾ ಬರ್ತದಂತಲ್ಲ, ನೀವೇ ನೋಡಿ ಹೇಳ್ಬಾರ್ದಾ?”

ಹೊಗಳಿಸಿಕೊಂಡವನಿಗೆ ಹೊನ್ನಶೂಲವೂ ಹೂವಿನ ಹಾಸಿಗೆಯಾಗುತ್ತದೆ. ನರಹರಿ ಕೈಕಾಲು ತೊಳೆದು ಬಂದು ಪಂಚಾಂಗ ಬಿಚ್ಚಿದ.

“ಹುಡುಗಿ ಹೆಸರು?”

“ದೇವೀರಮ್ಮ.”

“ದೇ ಅಂದ್ರೆ ರೇವತಿ ನಕ್ಷತ್ರ, ಮೀನರಾಶಿ. ಹುಡುಗನ ಹೆಸರು?”

ಪುಟ್ಟನಂಜಮ್ಮ ಸೆರಗಿನ ಅಂಚು ತಿರುವತೊಡಗಿದಳು.

“ನಮ್ಮ ಹುಡುಗ ಸ್ವಾಮಿ.”

“ಗೊತ್ತಾಯ್ತಮ್ಮ. ಹೆಸರು?”

“ಅದನ್ನ ನಾನೆಂಗೆ ಹೇಳ್ಲಿ?”

“ನಾನು ಕೇಳಿದ್ದು ಗಂಡನ ಹೆಸರಲ್ಲ, ಮಗನ ಹೆಸರು.”

“ಮಗನದೇ ಸ್ವಾಮಿ.”

ನರಹರಿಗೆ ಕೋಪ ಬಂತು. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮಾವನ ಹೆಸರನ್ನೂ ಹೇಳುವುದಿಲ್ಲ, ಮೊಮ್ಮಗನಿಗೆ ತಾತನ ಹೆಸರಿಟ್ಟರೆ ಹೆತ್ತ ತಾಯಿಯೂ ಮಗನನ್ನು ಹೆಸರು ಹಿಡಿದು ಕೂಗುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಪಂಚಾಂಗದಲ್ಲಿ ಅದನ್ನು ಯಾರೂ ಅಚ್ಚು ಹಾಕಿಸಿರಲಿಲ್ಲ.

“ಹೋಗಲಿ, ಮನೇಲಿ ಅವನನ್ನ ಏನಂತ ಕರೀತೀಯಾ?”

“ನಾನು ಮಾವಯ್ಯ ಅಂತೀನಿ.”

ನರಹರಿ ಬರೆದುಕೊಂಡ. ಮಾ ಎಂದರೆ ಮಖಾ ನಕ್ಷತ್ರ, ಸಿಂಹರಾಶಿ. ಬೆರಳು ಮಡಿಚಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ಮುಖ ಗಂಭೀರವಾಯಿತು. ಗಂಭೀರವಾಗಿ ಕಾಣಲು ಒಂದು ಸಂದರ್ಭ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ.

“ಹುಡುಗೀದು ಮೀನ, ಹುಡುಗನದು ಸಿಂಹ. ಆ ಕಡೆಯಿಂದ ಎಣಿಸಿದ್ರೆ ಆರು, ಈ ಕಡೆಯಿಂದ ಎಂಟು. ಷಷ್ಠಾಷ್ಟಕ. ಹುಡುಗೀದು ದೇವಗಣ, ನಿನ್ನ ಮಗನದು ರಾಕ್ಷಸಗಣ. ಹೊಂದೋದಿಲ್ಲಮ್ಮ.”

“ನಮ್ಮ ಹುಡುಗ ರಾಕ್ಷಸನಾ?”

“ಲೆಕ್ಕ ಹಾಗೆ ಹೇಳುತ್ತೆ.”

“ಸೊಳ್ಳೆ ಕಚ್ಚಿದ್ರೂ ಊದಿ ಓಡಿಸ್ತಾನೆ, ಹೊಡೆಯಾಕಿಲ್ಲ. ಅವನಾ?”

“ನಾನೇನು ಮಾಡಲಮ್ಮ, ಚಂದ್ರ ಇದ್ದ ಕಡೆ ಇದ್ದ.”

ಪುಟ್ಟನಂಜಮ್ಮ ಎದ್ದಳು. ಕುಕ್ಕೆಯನ್ನು ಅಲ್ಲೇ ಬಿಟ್ಟು ಹೊಳೆಯ ಕಡೆ ನಡೆದಳು. ನರಹರಿಗೆ ಪಾಪ ಎನ್ನಿಸಿತು. ಆದರೆ ಮೊದಲ ಸಾಲಾವಳಿಯಲ್ಲೇ ಷಷ್ಠಾಷ್ಟಕ ಹಿಡಿದೆನಲ್ಲ ಎಂಬ ಸಂತೋಷ ಅದಕ್ಕಿಂತ ಒಂದು ಹಿಡಿ ಜಾಸ್ತಿ ಇತ್ತು.

ಗುರುವಾರ ಬೆಳಿಗ್ಗೆ ಗುರುಗಳು ಬಂದರು. ನರಹರಿ ಅವರ ಕಾಲಿಗೆ ನೀರು ಕೊಟ್ಟು, ಅವರು ಒರೆಸಿಕೊಳ್ಳುವ ಮೊದಲೇ ಎಲ್ಲವನ್ನೂ ಹೇಳಿದ. ಮೀನ, ಸಿಂಹ, ಆರು, ಎಂಟು, ದೇವ, ರಾಕ್ಷಸ, ಒಂದನ್ನೂ ಬಿಡಲಿಲ್ಲ.

ಗುರುಗಳು ಬೈಯಲಿಲ್ಲ. ಜಗಲಿಯ ಮೇಲೆ ಕೂತರು.

“ಅವಳು ಬಂದಾಗ ಮುಖ ಹೇಗಿತ್ತು?”

“ಯಾರದು?”

“ಪುಟ್ಟನಂಜಮ್ಮಂದು.”

ನರಹರಿ ಯೋಚಿಸಿದ. “ನೋಡಲಿಲ್ಲ ಗುರುಗಳೇ. ಪಂಚಾಂಗ ನೋಡ್ತಿದ್ದೆ.”

“ಒಳ್ಳೇದು. ಈಗ ಇನ್ನೊಂದು ಸಾಲಾವಳಿ ನೋಡು. ಗಂಡಿಗೂ ಜಾತಕ ಇಲ್ಲ, ಹೆಣ್ಣಿಗೂ ಇಲ್ಲ. ಹೆಸರುಬಲವೇ ಗತಿ. ಹೆಣ್ಣಿನ ಹೆಸರು ರುಕ್ಕಮ್ಮ.”

ನರಹರಿ ಅಡುಗೆಮನೆಯ ಕಡೆ ನೋಡಿದ.

“ಅವಳೇ,” ಎಂದರು ಗುರುಗಳು. “ಗಂಡಿನ ಹೆಸರು ಅವಳನ್ನೇ ಕೇಳು.”

ನರಹರಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ರುಕ್ಕಮ್ಮನವರು ಅದೇ ಕುಕ್ಕೆಯ ಮೆಣಸಿನಕಾಯಿಯನ್ನು ತೊಟ್ಟು ಬಿಡಿಸುತ್ತಿದ್ದರು.

“ಅಮ್ಮ, ಗುರುಗಳ ಹೆಸರೇನು?”

“ನಿನಗೇನು ಬಂತೋ? ಹದಿಮೂರು ವರ್ಷದಿಂದ ಇದೀಯ, ಗೊತ್ತಿಲ್ವಾ?”

“ನೀವು ಹೇಳ್ಬೇಕಂತೆ.”

“ಹೇಳೋದಿಲ್ಲ. ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ತೀಯಾ?”

“ಮತ್ತೆ ಅವರನ್ನ ಏನಂತ ಕರೀತೀರಿ?”

“ಏನೂಂದ್ರೆ ಅಂತೀನಿ. ಇನ್ನೇನಂತಾರೆ?”

ನರಹರಿ ವಾಪಸು ಬಂದ.

“ಏನೂಂದ್ರೆ ಅಂತಾರಂತೆ ಗುರುಗಳೇ.”

“ಲೆಕ್ಕ ಹಾಕು.”

“ಏ ಅಂದ್ರೆ ಕೃತ್ತಿಕೆ ನಾಲ್ಕನೇ ಪಾದ, ವೃಷಭರಾಶಿ. ಅಮ್ಮನವರದು ರು, ಸ್ವಾತಿ, ತುಲಾರಾಶಿ.” ನರಹರಿ ಬೆರಳು ಮಡಿಚಿದ. ಆರಕ್ಕೆ ಬಂದು ನಿಂತ. ತಿರುಗಿ ಎಣಿಸಿದ. ಎಂಟು ಬಂತು.

“ಏನಾಯ್ತು?”

“ಷಷ್ಠಾಷ್ಟಕ, ಗುರುಗಳೇ.”

ಗುರುಗಳು ಒಳಗೆ ಕೇಳುವಂತೆ ಕೂಗಿದರು. “ಕೇಳಿದ್ಯೇನೇ? ನಮಗೆ ಹೊಂದೋದಿಲ್ವಂತೆ.”

“ಅದು ನನಗೆ ಮೊದಲ ವರ್ಷವೇ ಗೊತ್ತಾಗಿತ್ತು,” ಎಂದು ಒಳಗಿಂದ ಉತ್ತರ ಬಂತು. “ಈಗ ಮೂವತ್ತೆಂಟಾಯ್ತು. ಯಾರು ಹೇಳಿದ್ದು?”

“ಚಂದ್ರ ಹೇಳ್ತಿದಾನೆ.”

“ಚಂದ್ರನಾ? ಇಪ್ಪತ್ತೇಳು ಹೆಂಡಿರನ್ನ ಕಟ್ಕೊಂಡು, ಒಬ್ಬಳ ಮನೇಲೇ ಠಿಕಾಣಿ ಹೂಡಿ, ಮಾವನ ಕೈಲಿ ಶಾಪ ಹಾಕಿಸ್ಕೊಂಡೋನು. ಸಂಸಾರದ ವಿಷಯ ಅವನನ್ನೇ ಕೇಳ್ಬೇಕಾ?”

“ಪೆಟ್ಟು ತಿಂದೋನಿಗೇ ಗೊತ್ತಿರುತ್ತೆ ಕಣೇ,” ಎಂದು ಗುರುಗಳು ಶಿಷ್ಯನ ಕಡೆ ತಿರುಗಿದರು. “ನನ್ನ ಹೆಸರು ಅಪ್ರಮೇಯ. ಆ ಹೆಸರಿಗೆ ಯಾವ ರಾಶಿ?”

“ಅ ಅಂದ್ರೆ ಕೃತ್ತಿಕೆ ಮೊದಲನೇ ಪಾದ, ಮೇಷ. ಮೇಷಕ್ಕೂ ತುಲೆಗೂ ಏಳಕ್ಕೆ ಏಳು. ಬಹಳ ಚೆನ್ನಾಗಿ ಹೊಂದುತ್ತೆ.”

“ನೋಡಿದ್ಯಾ? ಅಪ್ಪ ಅಮ್ಮ ನನ್ನನ್ನ ಟಗರು ಮಾಡಿ ಬಿಟ್ಟಿದ್ರು. ಇವಳು ಬಂದು ಎತ್ತು ಮಾಡಿ ನೊಗ ಹೂಡಿದಳು. ಹೆಂಡತಿ ಕರೆಯೋ ಹೆಸರಿಗೆ ಲೆಕ್ಕ ಹಾಕಿದ್ರೆ ಊರಲ್ಲಿರೋ ಗಂಡಂದಿರೆಲ್ಲ ವೃಷಭರಾಶಿಯೋರೇ. ತಾಯಿ ಮಗನನ್ನ ಮಾವಯ್ಯ ಅಂತ ಯಾಕೆ ಕರೀತಾಳೆ?”

ನರಹರಿ ಮಡಿಚಿದ್ದ ಬೆರಳು ಬಿಡಿಸಿದ. ಸೆರಗಿನ ಅಂಚು ತಿರುವುತ್ತಿದ್ದ ಎರಡು ಕೈ ಈಗ ಅವನ ಕಣ್ಣಿಗೆ ಕಂಡವು.

“ಮಾವನ ಹೆಸರು ಇಟ್ಟಿದಾರೆ,” ಎಂದ ಮೆಲ್ಲಗೆ. “ಅದಕ್ಕೇ ಆಕೆ ಹೇಳಲಿಲ್ಲ.”

ರುಕ್ಕಮ್ಮನವರು ಹೊರಗೆ ಬಂದರು. ಮಾತು ಇಷ್ಟಕ್ಕೆ ಬಂದ ಮೇಲೆ ಒಳಗೆ ಕೂರುವುದು ಅವರಿಂದಾಗದು.

“ಹೊಳೆಯ ಹತ್ತಿರ ಹೆಂಗಸರು ಮಾತಾಡ್ಕೊಳ್ತಿದ್ರು. ರಾಕ್ಷಸಗಣ ಅಂದ ಮೇಲೆ ಜವರಯ್ಯ ಹೆದರಿದಾನಂತೆ. ನಾಳೆ ಬೇರೆ ಕಡೆಯೋರು ಹೆಣ್ಣು ನೋಡೋಕೆ ಬರ್ತಾರಂತೆ. ಆ ಹುಡುಗಿ ಊಟ ಬಿಟ್ಟು ಕೂತಿದಾಳಂತೆ. ಏನು ಹೇಳಿದ್ಯೋ ನೀನು ಅವರಿಗೆ?”

ನರಹರಿಗೆ ನಾಚಿಕೆಯಾಯಿತು. ಭಯವೂ ಆಯಿತು. ಅವನ ಬೆರಳೆಣಿಕೆಗೆ ಒಂದು ಹುಡುಗಿ ಊಟ ಬಿಡಬಹುದು ಎಂದು ಅವನು ಕನಸಿನಲ್ಲೂ ನೆನೆದಿರಲಿಲ್ಲ.

“ಗುರುಗಳೇ, ನೀವು ಒಂದು ಮಾತು ಹೇಳಿ ಕಳಿಸಿದ್ರೆ…”

“ಕೆಡಿಸಿದೋನು ಯಾರು?”

“ನಾನು.”

“ಹೋಗು. ಮೊದಲು ಹುಡುಗನ ಹೆಸರು ತಿಳ್ಕೋ. ಆಮೇಲೆ ಆಚೆ ದಡಕ್ಕೆ ಹೋಗು.”

“ಅಲ್ಲಿ ಏನು ಹೇಳಲಿ?”

“ಮಜ್ಜಿಗೆ ಕೊಟ್ರೆ ಕುಡಿ,” ಎಂದು ಗುರುಗಳು ಕಾಲು ಚಾಚಿದರು.

ನರಹರಿ ಒಂದೇ ಉಸಿರಿಗೆ ಪುಟ್ಟನಂಜಮ್ಮನ ಹಟ್ಟಿಗೆ ಹೋದ. ಅವಳು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಕಣ್ಣು ಊದಿದ್ದವು. ಈ ಸಲ ನರಹರಿ ಮುಖ ನೋಡಿದ. ನೋಡಿದ್ದೇ ಕಷ್ಟವಾಯಿತು.

“ತಪ್ಪಾಯ್ತಮ್ಮ. ನಿಮ್ಮ ಮಾವಯ್ಯನವರ ಹೆಸರು ಬೇಕಿತ್ತು.”

“ಅದೇ ಹೇಳಾಕಾಗದು ಅಂದ್ನಲ್ಲ ಸ್ವಾಮಿ.”

“ಬಾಯಲ್ಲಿ ಹೇಳ್ಬೇಡಿ. ಒಂದು ಗುರುತು ತೋರಿಸಿ.”

ಪುಟ್ಟನಂಜಮ್ಮ ಒಂದು ಮೆಣಸಿನಕಾಯಿ ಎತ್ತಿ ಹಿಡಿದಳು.

“ಮೆಣಸಯ್ಯ?”

“ಬಿಡ್ತು ಅನ್ನಿ. ಇದರ ಬಣ್ಣ ನೋಡಿ.”

ಈಗ ನರಹರಿಗೆ ಧೈರ್ಯ ಬಂತು. ಬಣ್ಣ ತಾನೇ. ಆದರೆ ಹದಿಮೂರು ವರ್ಷ ಶ್ಲೋಕ ಬಾಯಿಪಾಠ ಮಾಡಿದ ತಲೆ ಅದು.

“ಅರುಣ?”

“ಅಲ್ಲ.”

“ಲೋಹಿತ?”

“ಅಲ್ಲ.”

“ರಕ್ತವರ್ಣ? ಸಿಂಧೂರ?”

“ಅಂಥಾ ದೊಡ್ಡ ಹೆಸರಿನೋರು ನಮ್ಮ ಮನೇಲಿ ಯಾರೂ ಇಲ್ಲ ಸ್ವಾಮಿ. ನಾವು ಬಡವರು.”

ಅವಳು ಹಣೆಯ ಕಡೆ ಕೈ ಎತ್ತಿದಳು, ಕುಂಕುಮ ಇಲ್ಲದ್ದು ನೆನಪಾಗಿ ಇಳಿಸಿದಳು. ಗೋಡೆಯ ಅಂಚಿಗೆ ಬಳಿದ ಕೆಮ್ಮಣ್ಣು ತೋರಿಸಿದಳು. ಹುಂಜದ ಜುಟ್ಟು ತೋರಿಸಿದಳು. ನರಹರಿ ಹುಂಜಕ್ಕೆ ಸಂಸ್ಕೃತದಲ್ಲಿರುವ ಹೆಸರು ಹಿಡಿದು ತಾಮ್ರಚೂಡ ಎಂದ. ಅವಳು ಕುಸಿದು ಕೂತಳು.

ಪಕ್ಕದ ಹಟ್ಟಿಯ ಹೆಂಗಸನ್ನು ಕೇಳೋಣವೆಂದರೆ ಅವಳೂ ಆ ಮನೆಯ ಸೊಸೆಯೇ. ಅವಳೂ ಹುಂಜದ ಜುಟ್ಟನ್ನೇ ತೋರಿಸಿದಳು. ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ಹೊತ್ತು ನೆತ್ತಿಗೆ ಬಂದಿತ್ತು. ನರಹರಿ ಹೊಳೆಯ ಕಡೆ ಓಡಿದ.

ದಡದಲ್ಲಿ ಹರಿಗೋಲು ಇತ್ತು. ಅದರಲ್ಲಿ ಒಬ್ಬ ದಾಂಡಿಗ ಯುವಕ ಮುಖ ಇಳಿಬಿಟ್ಟು ಕೂತಿದ್ದ.

“ಆಚೆ ದಡಕ್ಕೆ,” ಎಂದು ನರಹರಿ ಹತ್ತಿದ. ಹದಿಮೂರು ವರ್ಷದಲ್ಲಿ ಅವನು ಹರಿಗೋಲು ಹತ್ತಿದ್ದು ಅದೇ ಮೊದಲು, ಹಾಕುವವನು ಯಾರೆಂದು ಗೊತ್ತಿರಲಿಲ್ಲ.

ಯುವಕ ಹುಟ್ಟು ಎತ್ತಿದ. ಅದರ ಹಿಡಿಯ ಮೇಲೆ ಒಂದು ಕಪ್ಪು ಗೊದ್ದ ಇರುವೆ ಓಡಾಡುತ್ತಿತ್ತು. ಅದನ್ನು ಎಲೆಯ ಮೇಲೆ ಹತ್ತಿಸಿಕೊಂಡು, ಇಳಿದು ಹೋಗಿ ದಡದಲ್ಲಿ ಬಿಟ್ಟು ಬಂದ. ಆಮೇಲೆ ಹುಟ್ಟು ಹಾಕಿದ.

ನಡುಹೊಳೆಯಲ್ಲಿ ನರಹರಿ ಕೇಳಿದ. “ನಿನಗೆ ಪುಟ್ಟನಂಜಮ್ಮನ ಮಗ ಗೊತ್ತೇನಪ್ಪ?”

“ಯಾಕೆ?”

“ಅವನ ಹೆಸರು ಬೇಕಾಗಿತ್ತು. ನಾನು ಜೋಯಿಸರ ಶಿಷ್ಯ.”

ಹುಟ್ಟು ನಿಂತಿತು. ಹರಿಗೋಲು ಮೆಲ್ಲಗೆ ತಿರುಗತೊಡಗಿತು.

“ಅವನನ್ನ ರಾಕ್ಷಸ ಅಂದೋರು ನೀವೇನಾ?”

“ಗಣ ಅಂದೆ. ರಾಕ್ಷಸಗಣ ಅನ್ನೋದು ಶಾಸ್ತ್ರದ ಮಾತು.”

“ಸಿಂಹ ಅಂದೋರೂ ನೀವೇನಾ?”

“ರಾಶಿ ಅಂದೆ.”

ಹರಿಗೋಲು ಇನ್ನೊಂದು ಸುತ್ತು ತಿರುಗಿತು. ಈಚೆ ದಡ ಆಚೆ ಹೋಯಿತು, ಆಚೆ ದಡ ಈಚೆ ಬಂತು. ನರಹರಿಗೆ ಈಜು ಬರುತ್ತಿರಲಿಲ್ಲ. ಎರಡು ಕೈಯಲ್ಲೂ ಅಂಚು ಹಿಡಿದುಕೊಂಡ.

“ನೀನೇನಾ ಅವನು?”

“ನಾನೇ.”

“ನಿನ್ನ ಹೆಸರು ಹೇಳಪ್ಪ. ದಮ್ಮಯ್ಯ.”

“ನೀವೇ ಇಟ್ಟಿದ್ದೀರಲ್ಲ, ಮಾವಯ್ಯ ಅಂತ. ಅದೇ ಇರ್ಲಿ.”

ಅವನು ನರಹರಿಯನ್ನು ಮುಳುಗಿಸಲಿಲ್ಲ, ಬೈಯಲಿ ಎಂದರೆ ಬೈಯಲೂ ಇಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ನರಹರಿಗೆ.

“ತಪ್ಪು ನಂದು. ಸರಿ ಮಾಡೋಕೆ ಹೋಗ್ತಿದೀನಿ. ಹೆಸರು ಗೊತ್ತಾಗದೆ ಹೋದ್ರೆ ಹೇಗೆ ಸರಿ ಮಾಡಲಿ?”

ಆಗ ಆಚೆ ದಡದಿಂದ ಒಂದು ಕೂಗು ಬಂತು.

“ಕೆಂಪಯ್ಯಾ, ಅದ್ಯಾಕೆ ಹಂಗೆ ಸುತ್ತುತಾ ಇದೀಯ?”

ಯುವಕ ತಲೆ ಎತ್ತಿದ. ಹುಟ್ಟು ಕೈ ತಪ್ಪಿ ನೀರಿಗೆ ಬಿತ್ತು. ಬಗ್ಗಿ ಹಿಡಿದುಕೊಂಡ.

“ಕೆಂಪಯ್ಯ,” ಎಂದ ನರಹರಿ. ಕುಂಕುಮದ ಬಣ್ಣದ ಮೆಣಸಿನಕಾಯಿ, ಕೆಮ್ಮಣ್ಣು, ಹುಂಜದ ಜುಟ್ಟು ಮೂರೂ ಒಟ್ಟಿಗೆ ಅವನ ತಲೆಯ ಮೇಲೆ ಬಿದ್ದವು. ಶ್ಲೋಕದಲ್ಲಿ ಇರುವುದೆಲ್ಲ ಹೊಳೆದಿತ್ತು, ಜನರ ಬಾಯಲ್ಲಿ ಇರುವುದು ಹೊಳೆದಿರಲಿಲ್ಲ.

“ಕೆ. ಪುನರ್ವಸು. ಮಿಥುನರಾಶಿ.” ಅಂಚು ಬಿಟ್ಟು ಬೆರಳು ಮಡಿಚಿದ. ಹರಿಗೋಲು ಅಲ್ಲಾಡಿತು. ಮತ್ತೆ ಅಂಚು ಹಿಡಿದುಕೊಂಡು ಬಾಯಲ್ಲೇ ಎಣಿಸಿದ. ನಾಲ್ಕು, ಹತ್ತು. ದೇವಗಣ, ದೇವಗಣ. “ಹೊಂದುತ್ತೆ ಕಣೋ ಕೆಂಪಯ್ಯ. ಹುಟ್ಟು ಹಾಕು.”

ಆಚೆ ದಡದಲ್ಲಿ ದೇವೀರಮ್ಮ ಕೊಡ ಇಟ್ಟುಕೊಂಡು ನಿಂತಿದ್ದಳು. ಮೂರು ದಿನ ಊಟ ಬಿಟ್ಟವಳ ಕೂಗು ಅಷ್ಟು ಗಟ್ಟಿಯಿದ್ದರೆ, ಉಂಡಾಗ ಹೇಗಿರುತ್ತದೋ ಎಂದು ನರಹರಿ ಅಂದುಕೊಂಡ.

“ಹೆಸರು ಹಿಡಿದು ಕೂಗಿದ್ರಲ್ಲಮ್ಮ, ಬಹಳ ಉಪಕಾರವಾಯ್ತು,” ಎಂದ ಇಳಿಯುತ್ತ.

“ಮದುವೆ ಆದಮೇಲೆ ಕೂಗೋ ಹಂಗಿಲ್ವಲ್ಲ ಸ್ವಾಮಿ. ಈಗಲೇ ಕೂಗಿ ಮುಗಿಸ್ಕೋಬೇಕು.” ಅವಳು ಕೆಂಪಯ್ಯನ ಕಡೆ ನೋಡಿದಳು. “ಮದುವೆ ಆಗದೆ ಹೋದ್ರೆ ಸಾಯೋಗಂಟ ಕೂಗ್ತಾ ಇರ್ಬೇಕಾಯ್ತದೆ.”

ಕೆಂಪಯ್ಯ ಹುಟ್ಟಿನ ನೀರು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

ಜವರಯ್ಯನ ಮನೆಯ ಜಗಲಿಯಲ್ಲಿ ಏಳೆಂಟು ಜನ ಕೂತಿದ್ದರು. ಅಣ್ಣತಮ್ಮಂದಿರು, ಭಾವಮೈದ, ನಾಳೆ ಬರುವ ಗಂಡಿನ ಕಡೆಯ ಮಾತು ತಂದ ಒಬ್ಬ ಮುದುಕ. ನರಹರಿ ನಿಂತುಕೊಂಡೇ ಹೇಳಿದ. ಹುಡುಗ ಸಿಂಹವಲ್ಲ, ಮಿಥುನ. ಆರು ಎಂಟಲ್ಲ, ನಾಲ್ಕು ಹತ್ತು. ಇಬ್ಬರದೂ ದೇವಗಣ.

ಜವರಯ್ಯ ಎಲೆಯಡಿಕೆ ಉಗಿದು ಬಂದು ಕೂತ.

“ಸೋಮವಾರ ಸಿಂಹ ಅಂದ್ರಿ. ಇವತ್ತು ಮಿಥುನ ಅಂತೀರಿ. ಶನಿವಾರ ಇನ್ನೇನು ಅಂತೀರೋ. ನನ್ನ ಮಗಳ ಬದುಕು ಕಣ್ರಯ್ಯ ಇದು, ಪಗಡೆಕಾಯಲ್ಲ.”

“ಲೆಕ್ಕ ಈಗ ಸರಿಯಾಗಿದೆ.”

“ಆಗಲೂ ಹಂಗೇ ಅಂದಿದ್ರಂತೆ.”

ಏಳೆಂಟು ಜೊತೆ ಕಣ್ಣುಗಳು ನರಹರಿಯನ್ನೇ ನೋಡುತ್ತಿದ್ದವು. ಒಳಬಾಗಿಲ ಹಿಂದೆ ಬಳೆಯ ಸದ್ದಾಯಿತು. ಪಂಚಾಂಗದಲ್ಲಿ ಓದಿದ್ದನ್ನೆಲ್ಲ ಹೇಳಿ ಮುಗಿದಿತ್ತು. ಇನ್ನು ಉಳಿದದ್ದು ಒಂದೇ. ಅದನ್ನು ಹೇಳುವುದು ಬಹಳ ಕಷ್ಟವಿತ್ತು.

“ಚಂದ್ರ ಅವತ್ತೂ ಇದ್ದ ಕಡೆಯೇ ಇದ್ದ, ಇವತ್ತೂ ಅಲ್ಲೇ ಇದಾನೆ,” ಎಂದ. “ತಪ್ಪಿದ್ದು ನಾನು. ಗುರುಗಳು ಪಂಚಾಂಗ ಮುಟ್ಟಬೇಡ ಅಂದಿದ್ರು, ಮುಟ್ಟಿದೆ. ಆ ತಾಯಿ ಮಗನ ಹೆಸರು ಹೇಳಲಾರದೆ ಮಾವಯ್ಯ ಅಂದ್ರು. ಯಾಕೆ ಹೇಳ್ತಿಲ್ಲ ಅಂತ ನಾನು ಕೇಳಲಿಲ್ಲ. ಮುಖ ಎತ್ತಿ ನೋಡಲೂ ಇಲ್ಲ. ಯಾವತ್ತೋ ತೀರಿಹೋದ ಅವರ ಮಾವಯ್ಯನಿಗೂ ನಿಮ್ಮ ಮಗಳಿಗೂ ಸಾಲಾವಳಿ ನೋಡಿ, ಹೊಂದೋದಿಲ್ಲ ಅಂದುಬಿಟ್ಟೆ.”

ಜವರಯ್ಯ ಭಾವಮೈದನ ಮುಖ ನೋಡಿದ.

“ಅದಂತೂ ಹೊಂದಾಕಿಲ್ಲ,” ಎಂದ ಜವರಯ್ಯ ನಿಧಾನವಾಗಿ.

ಮೊದಲು ಭಾವಮೈದ ನಕ್ಕ. ಆಮೇಲೆ ಅಣ್ಣತಮ್ಮಂದಿರು ನಕ್ಕರು. ಬೇರೆ ಗಂಡಿನ ಮಾತು ತಂದಿದ್ದ ಮುದುಕ ಕೂಡ ಬೊಚ್ಚುಬಾಯಿ ಬಿಟ್ಟು ನಕ್ಕು, ಇನ್ನು ತನಗಿಲ್ಲಿ ಕೆಲಸವಿಲ್ಲ ಎಂದು ತಿಳಿದು ಚಪ್ಪಲಿ ಹುಡುಕತೊಡಗಿದ. ನರಹರಿ ಮಾತ್ರ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು.

“ದೊಡ್ಡ ಜೋಯಿಸ್ರು ಏನಂದ್ರು?” ಎಂದು ಕೇಳಿದ ಜವರಯ್ಯ.

“ಏನೂ ಅನ್ನಲಿಲ್ಲ. ಮಜ್ಜಿಗೆ ಕೊಟ್ರೆ ಕುಡಿ ಅಂದ್ರು.”

ಜವರಯ್ಯ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

“ಇಷ್ಟು ಜನದ ಮುಂದೆ ನಂದೇ ತಪ್ಪು ಅಂದ್ರಲ್ಲ, ಕೂತ್ಕೊಳ್ಳಿ,” ಎಂದು ಒಳಗೆ ಕೂಗಿದ. “ಲೇ ದೇವೀರಿ, ಚಿಕ್ಕಯ್ನೋರಿಗೆ ಮಜ್ಜಿಗೆ ತಗೊಂಡು ಬಾ. ನೀನೂ ಒಂದು ತುತ್ತು ಉಣ್ಣು.”

ಮಜ್ಜಿಗೆ ಬಂತು. ಒಂದು ಲೋಟವಲ್ಲ, ಒಂದು ಚೊಂಬು. ನರಹರಿ ಪೂರ್ತಿ ಕುಡಿದ.

ವಾಪಸು ಬರುವಾಗ ಹರಿಗೋಲು ಎಲ್ಲೂ ಸುತ್ತಲಿಲ್ಲ. ದಡ ಹತ್ತಿರ ಬಂದಾಗ ಕೆಂಪಯ್ಯ ಕೇಳಿದ.

“ಸಿಂಹ ಅಂದಿದ್ದೂ ಒಂಥರಾ ಚೆನ್ನಾಗೇ ಇತ್ತು, ಚಿಕ್ಕಯ್ನೋರೇ. ಮಿಥುನ ಅಂದ್ರೆ ಏನು?”

“ಜೋಡಿ.”

“ಇದೇ ವಾಸಿ,” ಎಂದ ಕೆಂಪಯ್ಯ.

ನರಹರಿ ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಗುರುಗಳು ಜಗಲಿಯ ಮೇಲೆ ಅದೇ ಭಂಗಿಯಲ್ಲಿ ಮಲಗಿದ್ದರು. ಅವನು ಪಂಚಾಂಗಕ್ಕೆ ಬಟ್ಟೆ ಸುತ್ತಿ ಅವರ ತಲೆಯ ಹತ್ತಿರ ಇಟ್ಟು, ಕಾಲ ಬಳಿ ಕೂತ.

“ಹೆಸರು ಸಿಕ್ತಾ?” ಎಂದರು ಕಣ್ಣು ಮುಚ್ಚಿಕೊಂಡೇ.

“ಕೆಂಪಯ್ಯ. ಮಿಥುನರಾಶಿ. ಚೆನ್ನಾಗಿ ಹೊಂದುತ್ತೆ. ಜವರಯ್ಯ ಒಪ್ಪಿದ. ಪುಟ್ಟನಂಜಮ್ಮನಿಗೂ ಹೇಳಿ ಬಂದೆ. ಅವರು ನನ್ನ ಕೈ ಹಿಡ್ಕೊಂಡು ಅತ್ರು.”

“ಹುಡುಗ ಹುಡುಗೀನ ನೋಡಿದ್ಯಾ?”

“ನೋಡಿದೆ. ಅವಳು ದಡದಿಂದ ಹೆಸರು ಹಿಡಿದು ಕೂಗಿದಳು. ಅವನ ಕೈಯಿಂದ ಹುಟ್ಟು ಬಿದ್ದೋಯ್ತು.”

“ಹ್ಞೂಂ,” ಎಂದರು ಗುರುಗಳು.

ನರಹರಿ ಏಳಲಿಲ್ಲ. ಹೊಳೆಯ ಮೇಲೆ ಗಾಳಿ ತಣ್ಣಗಾಗಿತ್ತು. ಒಳಗೆ ರುಕ್ಕಮ್ಮನವರು ಮೆಣಸಿನಕಾಯಿ ಹುರಿಯುತ್ತಿದ್ದರು. ಇಬ್ಬರಿಗೂ ಒಂದೊಂದು ಸೀನು ಬಂತು.

“ಗುರುಗಳೇ, ಒಂದು ಸಂದೇಹ.”

“ಕೇಳು.”

“ಕೆಂಪಯ್ಯ ಅನ್ನೋದು ಅವನ ನಿಜವಾದ ಹೆಸರು. ಆ ಹೆಸರಿಗೂ ಷಷ್ಠಾಷ್ಟಕವೇ ಬಂದಿದ್ದರೆ, ನೀವು ಏನು ಮಾಡ್ತಿದ್ರಿ?”

ಗುರುಗಳು ಮಗ್ಗುಲು ತಿರುಗಿ ಹೊದಿಕೆ ಎಳೆದುಕೊಂಡರು.

“ಇನ್ನೊಂದು ಹೆಸರು ಕೇಳ್ತಿದ್ದೆ.”